ಅನಂತಯ್ಯನವರ ಲಾಲಿಗೆ ಚುಕ್ಕಿ ಇಟ್ಟ ನವರಾತ್ರಿ

ಸಂಗೀತದ ಪುಸ್ತಕ ಅಚ್ಚು ಹಾಕುವ ಕಡೆ ಈಗ ಹೆಣ್ಣುಮಕ್ಕಳು ಕೆಲಸಕ್ಕೆ ಸೇರುತ್ತಿದ್ದಾರಂತೆ. ನಮ್ಮ ನಾದಿನಿಯ ಮೊಮ್ಮಗಳೂ ಸೇರಿದ್ದಾಳೆ. ಮೊನ್ನೆ ಬಂದವಳು, "ಅಜ್ಜಿ, ನೀವು ಅಷ್ಟು ವರ್ಷ ಮಾಡಿದ್ರಲ್ಲಾ, ಒಳಗಿನ ವಿಷಯ ಏನಾದ್ರೂ ಹೇಳಿ" ಎಂದಳು. ಒಳಗಿನ ವಿಷಯ ಎಂಥದ್ದು! ನಾನು ಆಫೀಸಿನ ಕುರ್ಚಿಯಲ್ಲಿ ಕೂತವಳಲ್ಲ. ಅಡುಗೆಮನೆಯ ಪಕ್ಕದ ಪಡಸಾಲೆಯಲ್ಲಿ, ಕಿಟಕಿಯ ಬೆಳಕಿಗೆ ಒಂದು ಮಣೆ ಹಾಕಿಕೊಂಡು, ಬೇರೆಯವರು ಕಟ್ಟಿದ ಹಾಡುಗಳನ್ನು ಅಚ್ಚಿನವರಿಗೆ ಚೊಕ್ಕವಾಗಿ ಬರೆದುಕೊಟ್ಟವಳು. ಬೇಳೆ ಬೇಯುವ ಹೊತ್ತಿಗೆ ಒಂದು ಪಲ್ಲವಿ, ಮಕ್ಕಳು ಶಾಲೆಗೆ ಹೋದ ಮೇಲೆ ಒಂದು ಚರಣ. ಹಾಗೆಯೇ ಒಂದು ಜನ್ಮದ ಕೆಲಸ ಆಗಿಹೋಯಿತು. ದೇವರು ಕಣ್ಣು ಕೊಟ್ಟ, ಕೈ ನಡುಗದ ಹಾಗೆ ಇಟ್ಟ. ಅದೇ ದೊಡ್ಡದು.

ಐವತ್ತರ ದಶಕದ ಮಾತು. ಕೊಯಮತ್ತೂರಿನಲ್ಲಿ ನಮ್ಮಂಥ ಮನೆಗಳಲ್ಲಿ ಕನ್ನಡ ಬಾಯಲ್ಲಿ ಇತ್ತು, ಕಣ್ಣಲ್ಲಿ ಇರಲಿಲ್ಲ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಓದುವುದು ಬರೆಯುವುದು ಎಲ್ಲವೂ ತಮಿಳಿನಲ್ಲೇ. ನನಗೆ ಕನ್ನಡ ಅಕ್ಷರ ಬಂದದ್ದು ನನ್ನ ತಂದೆಯ ಪುಣ್ಯದಿಂದ. ಸಂಜೆ ದೀಪ ಹಚ್ಚಿದ ಮೇಲೆ ದೇವರ ನಾಮಗಳನ್ನು ಓದಿ ಹಾಡಿದರೇ ಊಟ ಎಂದು ಅವರು ಕಟ್ಟು ಮಾಡಿದ್ದರು. ಹಸಿವಿಗೆ ಕಲಿತ ಅಕ್ಷರ ಮರೆಯುವುದಿಲ್ಲ.

ನಮ್ಮ ಬೀದಿಯ ಕೊನೆಯಲ್ಲಿ ಗೋವಿಂದರಾಯರ ಅಚ್ಚಿನ ಮನೆ. ಮದುವೆ ಪತ್ರಿಕೆ, ದೇವಸ್ಥಾನದ ನೋಟೀಸು, ಇವೇ ಅವರ ಹೊಟ್ಟೆಪಾಡು. ಸಂಗೀತದ ಪುಸ್ತಕ ಅವರ ಹುಚ್ಚು. ಅವರೂ ಮೂರು ತಲೆಮಾರಿನಿಂದ ಇಲ್ಲೇ ಇದ್ದ ಕನ್ನಡದವರು, ಆದರೆ ಕನ್ನಡ ಅಕ್ಷರ ಒಂದೂ ಬಾರದು. ಒಂದು ದಿನ ಒಂದು ಹಾಳೆ ಹಿಡಿದುಕೊಂಡು ನಮ್ಮ ಮನೆಯ ತಿಣ್ಣೆಗೆ, ಅಂದರೆ ಜಗಲಿಗೆ, ಬಂದು, "ಅಮ್ಮಣಿ, ಇದು ಕನ್ನಡವೋ ತೆಲುಗೋ, ಅಷ್ಟು ಹೇಳಿಬಿಡುಂಗ ಸಾಕು" ಎಂದರು. ನಾನು ಅದು ಕನ್ನಡ ಎಂದು ಹೇಳಿದ್ದಲ್ಲದೆ ಅದರಲ್ಲಿದ್ದ ಕೀರ್ತನೆಯನ್ನು ಮೆಲ್ಲಗೆ ಹಾಡಿಬಿಟ್ಟೆ. ಚಿಕ್ಕಂದಿನಲ್ಲಿ ಸ್ವಲ್ಪ ವೀಣೆ ಕಲಿತಿದ್ದೆ. ಅಂದಿನಿಂದ ಕನ್ನಡದಲ್ಲಿ ಬಂದ ಹಾಡು ಮತ್ತು ಸ್ವರಗಳನ್ನು ತಮಿಳು ಅಕ್ಷರಕ್ಕೆ ಇಳಿಸುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಯಜಮಾನರು ಸೂಲೂರಿನ ಕಡೆ ಒಂದು ಗಿರಣಿಯ ಆಫೀಸಿನಲ್ಲಿದ್ದರು. ಅವರು ಹೇಳಿದ್ದು ಇಷ್ಟೇ: "ಅಮ್ಮನ್ನ ಒಂದು ಮಾತು ಕೇಳು." ನಮ್ಮತ್ತೆ ಹೇಳಿದ್ದು ಅದಕ್ಕಿಂತ ಕಡಿಮೆ: "ದೇವರ ಹಾಡು ತಾನೇ? ಬರಿ. ಸಾರು ಉಕ್ಕಬಾರ್ದು."

ಹೊಸಬರಿಗೆ ಒಂದು ಮಾತು. ಹಾಡು ಕಟ್ಟುವವರು ಅಚ್ಚಿಗೆಂದು ಬರೆಯುವುದಿಲ್ಲ, ತಮ್ಮ ನೆನಪಿಗೆಂದು ಬರೆಯುತ್ತಾರೆ. ಒಬ್ಬ ವಿದ್ವಾಂಸರು ತಾಳವನ್ನೇ ಬರೆದಿರಲಿಲ್ಲ. ಕೇಳಿದರೆ, "ಹಾಡಿದರೆ ತಾನಾಗಿ ಗೊತ್ತಾಗುತ್ತದೆ" ಎಂದು ಹೇಳಿ ಕಳಿಸಿದರು. ಇನ್ನೊಬ್ಬರು ಚರಣ ನಿಂತ ಜಾಗದಲ್ಲಿ ಕಾಫಿ ಲೋಟ ಇಟ್ಟು, ಆ ದುಂಡು ಗುರುತಿನ ಸುತ್ತಲೂ ಮುಂದಿನ ಸಾಲು ಬರೆದಿದ್ದರು. ಅದಕ್ಕೇ ಹೇಳುವುದು, ಕೈ ಬರೆಯುವ ಮೊದಲು ಬಾಯಿ ಒಂದು ಸಲ ಹಾಡಬೇಕು. ಕಣ್ಣಿಗೆ ಸರಿ ಎಂದು ಕಂಡದ್ದನ್ನು ಗಂಟಲು ತಪ್ಪು ಎನ್ನುತ್ತದೆ. ಈಗ ನಿಮಗೆ ಯಂತ್ರಗಳು ಬಂದಿವೆ. ಆದರೆ ಯಂತ್ರಕ್ಕೆ ಗಂಟಲಿಲ್ಲ.

ಮೇಲಧಿಕಾರಿ ಎಂದರೆ ನನಗೆ ಗೋವಿಂದರಾಯರು ಒಬ್ಬರೇ. ಒಳ್ಳೆಯವರು, ಆತುರದವರು. ಪುಸ್ತಕ ಯಾವಾಗ ಬಂದೀತು ಎಂದು ಯಾರಾದರೂ ಕೇಳಿದರೆ, ಕೇಳಿದವರ ಮುಖ ನೋಡಿ ಅವರಿಗೆ ಹಿಡಿಸುವ ದಿನ ಹೇಳಿಬಿಡುತ್ತಿದ್ದರು. ಆಮೇಲೆ ಆ ದಿನಕ್ಕೆ ನಾವೆಲ್ಲ ಓಡಬೇಕು. ಅವರ ಬಳಿ ಅಕ್ಷರ ಜೋಡಿಸುತ್ತಿದ್ದವನು ಮಾರಪ್ಪಣ್ಣ. ಒಂದೊಂದು ಸೀಸದ ಅಚ್ಚುಮೊಳೆಯನ್ನೂ ಬೆರಳಲ್ಲಿ ಎತ್ತಿ ಸಾಲು ಕಟ್ಟಬೇಕಾದ ಕಾಲ ಅದು. ಪದಗಳು ಹೇಗೋ ಆಗುತ್ತಿದ್ದವು. ಕಷ್ಟ ಕೊಡುತ್ತಿದ್ದದ್ದು ಸ್ವರ. ಸ ರಿ ಗ ಮ ಎಂಬ ಅಕ್ಷರ ಒಂದೇ ಆದರೂ, ಮೇಲಿನ ಸ್ಥಾಯಿಯದಾದರೆ ತಲೆಯ ಮೇಲೆ ಒಂದು ಚುಕ್ಕಿ, ಕೆಳಗಿನ ಮಂದ್ರದ್ದಾದರೆ ಕಾಲ ಕೆಳಗೆ ಒಂದು ಚುಕ್ಕಿ. ಆ ಚುಕ್ಕಿಗಳಿಗೆ ಬೇರೆ ಮೊಳೆ ಇರಲಿಲ್ಲ. ವಾಕ್ಯದ ಕೊನೆಗೆ ಇಡುವ ಪೂರ್ಣವಿರಾಮದ ಮೊಳೆಯನ್ನೇ ಮಾರಪ್ಪಣ್ಣ ಸಾಲಿನ ಮೇಲೆಯೂ ಕೆಳಗೆಯೂ ಕೂರಿಸುತ್ತಿದ್ದ. ಚಿಮಟದಲ್ಲಿ ಎಳ್ಳು ಎತ್ತಿಟ್ಟ ಹಾಗೆ.

ಕಾರಮಡೈಯ ಅನಂತಯ್ಯನವರ ವಿಷಯಕ್ಕೆ ಬರುತ್ತೇನೆ. ಶಾಲೆಯಲ್ಲಿ ಸಂಗೀತ ಹೇಳಿಕೊಟ್ಟು ನಿವೃತ್ತರಾಗಿದ್ದ ವೃದ್ಧರು. ಚಿಕ್ಕಂದಿನಲ್ಲಿ ಮೈಸೂರಿನ ಕಡೆ ಕಲಿತವರಾದ್ದರಿಂದ ಬರೆಯುವುದು ಕನ್ನಡದಲ್ಲೇ. ಆ ಊರ ದೇವರು ರಂಗನಾಥನ ಮೇಲೆ ಒಂದು ಗಂಟು ತುಂಬ ಕೀರ್ತನೆ ಕಟ್ಟಿದ್ದರು. ಕಲಿಯಲು ಶಿಷ್ಯರಿರಲಿಲ್ಲ. ಬಂದವರೆಲ್ಲ ಸಿನಿಮಾ ಹಾಡು ಹೇಳಿಕೊಡಿ ಎಂದು ಕೇಳಿ ಹೋದರಂತೆ. ಇನ್ನೊಂದು ಗಂಟು ಇತ್ತಂತೆ, ಅದನ್ನು ಗೆದ್ದಲು ತಿಂದಿತ್ತು. ಉಳಿದ ಈ ಒಂದು ಗಂಟನ್ನು ಅವರು ಗೋವಿಂದರಾಯರಿಗೆ ಒಪ್ಪಿಸಿದ್ದರು. ರಾಯರು ಅದನ್ನು ನನ್ನ ಮನೆಗೆ ತಂದಿಟ್ಟರು. ಅಚ್ಚಾದರೆ ಹಾಡು ಉಳಿಯುತ್ತದೆ, ಇಲ್ಲವಾದರೆ ಗೆದ್ದಲಿಗೆ.

ಗಂಟಿನಿಂದ ನಾನು ಮೊದಲು ತೆಗೆದದ್ದು ಒಂದು ಲಾಲಿ. ನೀಲಾಂಬರಿ ರಾಗ. ದೇವರನ್ನು ಮಲಗಿಸುವ ಹಾಡು. ಷಡ್ಜದಿಂದ ಹೊರಟು ಮೆಲ್ಲಗೆ ಕೆಳಗಿನ ಪಂಚಮದವರೆಗೆ ಇಳಿಯುತ್ತದೆ. ಇಳಿಯುತ್ತಾ ಇಳಿಯುತ್ತಾ ಹಾಡುವವಳ ದನಿಯೇ ಪಿಸುಮಾತಾಗಿಬಿಡುತ್ತದೆ. ಅದನ್ನು ಬರೆದು ಮುಗಿಸಿದ ದಿನ ದೇವರ ಮುಂದೆ ಒಮ್ಮೆ ಹಾಡಿದೆ. ನಮ್ಮತ್ತೆ ಕಣ್ಣು ಒರೆಸಿಕೊಂಡರು. ಅವರು ಸುಲಭಕ್ಕೆ ಅಳುವವರಲ್ಲ.

ಗೋವಿಂದರಾಯರಿಗೆ ಆತುರ ಬಂತು. "ದೊಡ್ಡ ಪುಸ್ತಕ ಆಮೇಲೆ ಆಗ್ಲಿ. ನವರಾತ್ರಿಗೆ ಮುಂಚೆ ಲಾಲಿಯೊಂದನ್ನ ಚಿಕ್ಕ ಪುಸ್ತಕ ಮಾಡಿ ಬಿಟ್ರೆ, ಗೊಲು ಗೊಂಬೆ ಇಡೋ ಮನೆಯವರೆಲ್ಲ ತಗೋತಾರೆ ಅಮ್ಮಣಿ" ಎಂದರು. ತಮಿಳರ ಆವಣಿ ಮಾಸ, ಮದುವೆಗಳ ಕಾಲ. ಅಚ್ಚಿನ ಮನೆ ತುಂಬ ಪತ್ರಿಕೆಗಳು, ಪತ್ರಿಕೆಗಳ ಸುತ್ತ ಚುಕ್ಕಿಚುಕ್ಕಿಯ ಅಂಚು. ಲಾಲಿಯ ಸರದಿ ಬಂದಾಗ ಮಾರಪ್ಪಣ್ಣನ ಡಬ್ಬಿಯಲ್ಲಿ ಪೂರ್ಣವಿರಾಮದ ಮೊಳೆಯೇ ಇಲ್ಲ. "ಪುಳ್ಳಿ ಇಲ್ಲೀಂಗ. ಎಲ್ಲಾಂ ಕಲ್ಯಾಣ ಪತ್ರಿಕೈಲೆ ನಿಕ್ಕುದು" ಎಂದನಂತೆ. ಚುಕ್ಕಿಗಳೆಲ್ಲ ಮದುವೆಯ ಪತ್ರಿಕೆಗಳಲ್ಲಿ ನಿಂತಿದ್ದವು. ರಾಯರು, "ಕೆಳಗಿನ ಪುಳ್ಳಿ ಬಿಟ್ಬಿಡಪ್ಪಾ. ಲಾಲಿ ಅಂತ ಹಾಡೋರಿಗೆ ಗೊತ್ತಾಗುತ್ತೆ" ಎಂದು ಹೇಳಿ, ನನಗೆ ಕರಡು ಕೂಡ ತೋರಿಸದೆ ಅಚ್ಚು ಮಾಡಿ ಅಂಗಡಿಗಳಿಗೆ ಹಂಚಿದರು.

ಹಾಡುವವರಿಗೆ ಗೊತ್ತಾಗಲಿಲ್ಲ. ಹೇಗೆ ಗೊತ್ತಾಗಬೇಕು? ಕಾಲ ಕೆಳಗಿನ ಚುಕ್ಕಿ ಹೋದರೆ ಕೆಳಗಿನ ಪಂಚಮ ನಡುವಿನ ಪಂಚಮವಾಗುತ್ತದೆ. ಇಳಿಯಬೇಕಾದ ದನಿ ಛಂಗನೆ ಮೇಲಕ್ಕೆ ಹಾರುತ್ತದೆ.

ಕೆಲವೇ ವಾರಗಳಲ್ಲಿ ರಾಯರು ಒಂದು ಲಕೋಟೆ ಹಿಡಿದು ತಿಣ್ಣೆಗೆ ಬಂದರು. ಕೂರಲಿಲ್ಲ. "ಅನಂತಯ್ಯನವರದ್ದು. ಪ್ರತಿ ಸಲ ಮೂಲೆಗೆ ಅರಿಶಿನ ಹಚ್ಚಿ ಕಳಿಸೋರು. ಈ ಸಲ ಹಚ್ಚಿಲ್ಲ. ನನಗೆ ಓದೋಕೆ ಬರದಿದ್ರೂ ಅಷ್ಟು ಗೊತ್ತಾಗುತ್ತೆ ಅಮ್ಮಣಿ" ಎಂದರು. ಹಿಂದೆಯೇ ಮಾರಪ್ಪಣ್ಣನೂ ಬಂದು ಕಂಬಕ್ಕೆ ಒರಗಿ ನಿಂತ. ನಾನು ಓದಿದೆ. ಆ ದುಂಡು ಅಕ್ಷರ ಇಂದಿಗೂ ಕಣ್ಣಿಗೆ ಕಟ್ಟಿದ ಹಾಗಿದೆ:

"ಗೋವಿಂದರಾಯರಿಗೆ ಅನಂತಯ್ಯನ ನಮಸ್ಕಾರ. ನಮ್ಮ ಪಕ್ಕದ ಮನೆಗೆ ಕೊಯಮತ್ತೂರಿನಿಂದ ಒಂದು ಹುಡುಗಿ ಬಂದಿತ್ತು. ನಿಮ್ಮ ಪುಸ್ತಕ ಇಟ್ಟುಕೊಂಡು ನನ್ನ ಲಾಲಿಯನ್ನು ಹಾಡಿತು. ಹುಡುಗಿಯ ತಪ್ಪಿಲ್ಲ, ಪುಸ್ತಕದಲ್ಲಿ ಇದ್ದ ಹಾಗೆಯೇ ಹಾಡಿತು. ನಾನು ಮಗುವನ್ನು ತೊಟ್ಟಿಲಲ್ಲಿ ಮಲಗಿಸಿದ್ದೆ. ನೀವು ತೆಂಗಿನಮರ ಹತ್ತಿಸಿದ್ದೀರಿ. ಅಚ್ಚು ನನಗೆ ಆಗಿಬರಲಿಲ್ಲ. ನನ್ನ ಗಂಟನ್ನು ಹಿಂದಕ್ಕೆ ಕಳಿಸಿಕೊಡಿ. ತಪ್ಪಾಗಿ ಬದುಕುವುದಕ್ಕಿಂತ ಹಾಡುಗಳು ನನ್ನ ಜೊತೆಯಲ್ಲೇ ಹೋಗಲಿ."

ಕನ್ನಡ ಅರ್ಧಂಬರ್ಧ ತಿಳಿಯುತ್ತಿದ್ದ ಮಾರಪ್ಪಣ್ಣ, "ತೆಂಗಿನಮರ ಅಂದ್ರಲ್ಲ, ಅದು ನನಗಾ, ಮೊದಲಾಳಿಗಾ?" ಎಂದು ಧಣಿಯ ಕಡೆ ನೋಡಿ ಕೇಳಿದ. ರಾಯರು ಅವನನ್ನು ದುರುಗುಟ್ಟಿ ನೋಡಿ, "ಕಳಿಸಿಬಿಡುಂಗ. ಅಷ್ಟು ಕೋಪ ಇರೋರ ಹಾಡು ನನಗೆ ಬೇಡ" ಎಂದರು. ಆದರೆ ಅವರ ಮುಖ ಸಣ್ಣದಾಗಿತ್ತು.

ಗಂಟು ನಮ್ಮ ಮನೆಯಲ್ಲೇ ಇತ್ತು. ಅಂಚೆಯಲ್ಲಿ ಕಳಿಸಲು ನನಗೆ ಮನಸ್ಸು ಬರಲಿಲ್ಲ. ಆಗ ಪುರಟ್ಟಾಸಿ ಮಾಸ, ಪೆರುಮಾಳ್ ದೇವರ ಶನಿವಾರಗಳು. ನಮ್ಮತ್ತೆಗೆ ಕಾರಮಡೈಗೆ ಹೋಗುವ ಹರಕೆ ಇತ್ತು. "ಶನಿವಾರ ನಾವೇ ಹೋಗಿ ಕೊಟ್ಟು ಬರೋಣ. ದರ್ಶನಾನೂ ಆಯ್ತು, ಬೈಗುಳಾನೂ ಆಯ್ತು" ಎಂದರು ಅತ್ತೆ. ಬಸ್ಸಿನಲ್ಲಿ ಗಂಟನ್ನೂ ನಾನು ಬರೆದ ಲಾಲಿಯ ಪ್ರತಿಯನ್ನೂ ತೊಡೆಯ ಮೇಲಿಟ್ಟುಕೊಂಡು ಹೋದೆ. ರಂಗನಾಥನ ಮುಂದೆ ನಿಂತಾಗ ನಾನು ಬೇಡಿದ್ದು ಒಂದೇ: ಇದು ಗೆದ್ದಲಿಗೆ ಹೋಗದ ಹಾಗೆ ಮಾಡಪ್ಪಾ.

ಅನಂತಯ್ಯನವರು ತಮ್ಮನ ಮನೆಯ ಮುಂಗೋಣೆಯಲ್ಲಿದ್ದರು. ಬಿಳಿ ಗಡ್ಡ, ತೆಳ್ಳನೆಯ ಕೈ. ಗಂಟು ಕಂಡ ಕೂಡಲೇ, "ಆ ಪೆಟ್ಟಿಗೆ ಮೇಲೆ ಇಡಿ ತಾಯಿ" ಎಂದರು. ಪೆಟ್ಟಿಗೆಯ ಹಿಂದಿನ ಗೋಡೆಯಲ್ಲಿ ಗೆದ್ದಲಿನ ಮಣ್ಣುಗೆರೆ ಹತ್ತುತ್ತಿತ್ತು. ನನಗೆ ಕೈ ಏಳಲಿಲ್ಲ. ನಮ್ಮತ್ತೆ ಅವರು ಕೊಟ್ಟ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟು, "ಸಾಮಿ, ನಮ್ಮ ಸೊಸೆ ಒಂದ್ಸಲ ಹಾಡ್ತಾಳೆ. ಕೇಳ್ಬಿಟ್ಟು ಆಮೇಲೆ ಬೈಯ್ಯುಂಗ. ಕೇಳದೆ ಬೈದ್ರೆ ಅದೂ ತಪ್ಪೇ" ಎಂದರು.

ನಾನು ಬರೆದ ಪ್ರತಿ ನೋಡಿಕೊಂಡು ಹಾಡಿದೆ. ಅವರು ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕಿದರು. ಮಂದ್ರ ಬಂದಾಗ ಅವರ ಕೈ ನಿಂತಿತು. ಮುಗಿದ ಮೇಲೆ ನನ್ನ ಪ್ರತಿ ಕೇಳಿ ಪಡೆದು, ಕಣ್ಣಿನ ಹತ್ತಿರ ಹಿಡಿದು, ಕಾಲ ಕೆಳಗಿನ ಚುಕ್ಕಿಗಳನ್ನು ಉಗುರಿನಲ್ಲಿ ಮುಟ್ಟಿ ಮುಟ್ಟಿ ನೋಡಿದರು.

"ಎಲ್ಲಾ ಇದೆಯಲ್ಲ ತಾಯಿ! ಮತ್ತೆ ಅಚ್ಚಿನಲ್ಲಿ ಎಲ್ಲಿ ಹೋಯಿತು?"

ಮದುವೆ ಪತ್ರಿಕೆಗಳ ಕಥೆ ಹೇಳಿದೆ. ಅವರ ಭುಜ ಕುಣಿಯತೊಡಗಿತು. ನಗುತ್ತಿದ್ದರು. "ಅಂದರೆ ನನ್ನ ರಂಗನ ನಿದ್ದೆ ಕೆಡಿಸಿದ್ದು ಮದುವೆಮನೆಯವರು!"

ನಗು ನಿಂತ ಮೇಲೆ ಮುಖ ಮತ್ತೆ ಗಟ್ಟಿಯಾಯಿತು. "ಮುಂದಿನದು ಸರಿ ಮಾಡಬಹುದು. ಮಾರಿ ಹೋಗಿದೆಯಲ್ಲ, ಅದಕ್ಕೇನು ಮಾಡುತ್ತೀರಿ? ಎಷ್ಟು ಮನೆಯಲ್ಲಿ ತಪ್ಪು ಹಾಡುತ್ತಿದ್ದಾರೋ."

ನನ್ನ ಬಾಯಿಂದ ಬಂತು: "ಮನೆ ಮನೆಗೆ ಹೋಗಿ ಕೈಯಲ್ಲೇ ಚುಕ್ಕಿ ಇಡ್ತೀವಿ."

"ಗೊತ್ತಿಲ್ಲದವರ ಮನೆಗೆ ಹೇಗೆ ಹೋಗುತ್ತೀರಿ?"

ಅದಕ್ಕೆ ಅತ್ತೆ ಉತ್ತರ ಕೊಟ್ಟರು. "ನವರಾತ್ರಿ ಬಂತಲ್ಲ ಸಾಮಿ! ಗೊಲು ಇಟ್ಟಿರೋ ಮನೆಗೆ ಹೆಂಗಸ್ರು ಹೋದ್ರೆ ಯಾರು ಬೇಡ ಅಂತಾರೆ? ಕೂರಿಸಿ ಹಾಡಿಸ್ತಾರೆ, ಸುಂಡಲ್ ಕೊಡ್ತಾರೆ. ಹಾಡೋಕೆ ಪುಸ್ತಕ ತೆಗೀತಾರಲ್ಲ, ಆವಾಗ ಇಟ್ಬಿಡ್ತೀವಿ. ದಿನಾ ಬಾಗಿಲಲ್ಲಿ ಪುಳ್ಳಿ ಇಟ್ಟು ರಂಗೋಲಿ ಕೋಲ ಹಾಕೋ ಕೈ ತಾನೇ?"

ಅನಂತಯ್ಯನವರು ತಲೆಯಾಡಿಸಿದರು. "ಸರಿ. ಸರಸ್ವತಿ ಪೂಜೆಯ ದಿನ ಬರುತ್ತೇನೆ. ಅಂದು ಪುಸ್ತಕಗಳೆಲ್ಲ ಪೂಜೆಗೆ ಕೂತಿರುತ್ತವೆ, ಯಾರೂ ಮುಟ್ಟುವುದಿಲ್ಲ. ಬಾಯಲ್ಲಿ ಏನು ನಿಂತಿದೆಯೋ ಅದೇ ಬರುತ್ತದೆ. ನಿಮಗೆ ಬೇಕಾದ ಮನೆ ಬೇಡ. ನಾನು ತೋರಿಸಿದ ಮನೆಯಲ್ಲಿ ಕೇಳುತ್ತೇನೆ. ಸರಿ ಇದ್ದರೆ ಗಂಟು ಕೊಡುತ್ತೇನೆ." ಗಂಟನ್ನು ನಾನೇ ಆ ಪೆಟ್ಟಿಗೆಯ ಮೇಲಿಟ್ಟು ಬಂದೆ.

ಆ ನವರಾತ್ರಿಯಷ್ಟು ಸುಂಡಲ್ ನಾನು ಜನ್ಮದಲ್ಲಿ ತಿಂದಿಲ್ಲ. ಕಡಲೆ, ಹೆಸರುಬೇಳೆ, ಅಲಸಂದೆ, ದಿನಕ್ಕೊಂದು ಉಸಲಿ. ಸಂಜೆಯಾದರೆ ಅತ್ತೆಯೂ ನಾನೂ ಹೊರಡುವುದು. ಕುಂಕುಮದ ಭರಣಿಯ ಜೊತೆ ಕೆಂಪು ಇಂಕಿನ ಪುಟ್ಟ ಶೀಶೆ, ತೆಂಗಿನ ಕಡ್ಡಿಯನ್ನು ಚೂಪು ಮಾಡಿದ ಒಂದು ಲೇಖನಿ. ಹಾಡಿ ಎನ್ನುತ್ತಿದ್ದರು; ಲಾಲಿ ಹಾಡುತ್ತಿದ್ದೆ. "ನಮ್ಮನೇಲಿ ಇರೋ ಪುಸ್ತಕದಲ್ಲಿ ಹಿಂಗಿಲ್ವಲ್ಲ" ಎಂದು ಯಾರಾದರೂ ಹೇಳಿದರೆ, ಶೀಶೆ ಹೊರಕ್ಕೆ. ನಾವು ಇಟ್ಟದ್ದನ್ನು ನೋಡಿ, ಆಯಾ ಮನೆಯ ಹೆಣ್ಣುಮಕ್ಕಳು ಗೆಳತಿಯರ ಪುಸ್ತಕಗಳಿಗೂ ಇಟ್ಟರು. ಒಂದು ಮನೆಯಲ್ಲಿ ಇಂಕು ಮುಗಿದು ಕುಂಕುಮವನ್ನೇ ಕಲಸಿ ಇಟ್ಟರು. ಮಾರಪ್ಪಣ್ಣ ಅಂಗಡಿಗಳಲ್ಲಿ ಉಳಿದಿದ್ದ ಪ್ರತಿಗಳನ್ನೆಲ್ಲ ತಂದು, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಚುಕ್ಕಿ ಇಟ್ಟ. ಗೋವಿಂದರಾಯರು ಇಂಕಿನ ಶೀಶೆಗಳನ್ನು ದಿನಾ ತಿಣ್ಣೆಯ ಮೇಲೆ ಇಟ್ಟು ಹೋಗುತ್ತಿದ್ದರು.

ಎಲ್ಲರೂ ಒಪ್ಪಿದರು ಎಂದಲ್ಲ. ಆರ್.ಎಸ್. ಪುರಂನಲ್ಲಿ ಹಸಿರು ಗೇಟಿನ ಒಂದು ಮನೆ. ಆ ಮನೆಯ ಯಜಮಾನಿ ಪುಸ್ತಕವನ್ನು ಎದೆಗೆ ಒತ್ತಿಕೊಂಡರು. "ಅಚ್ಚಾಗಿರೋ ಪುಸ್ತಕದಲ್ಲಿ ಯಾರಾದ್ರೂ ಗೀಚ್ತಾರಾ? ಮೇಲೆ ಹೋದ್ರೇ ಚೆನ್ನಾಗಿರೋದು. ನಮ್ಮ ಮಗಳು ವಸಂತಳ ದನಿ ಬೀದಿ ತನಕ ಕೇಳಿಸುತ್ತೆ. ಕೆಳಗೆ ಇಳಿದ್ರೆ ಯಾರಿಗೆ ಕೇಳಿಸುತ್ತೆ?" ಎಂದರು. ನಮ್ಮತ್ತೆ ಗೇಟು ದಾಟಿದ ಮೇಲೆ, "ಮಲಗಿಸೋ ಹಾಡನ್ನ ಬೀದಿಗೆ ಕೇಳಿಸಬೇಕಂತೆ. ಮಹಾರಾಯ್ತಿ!" ಎಂದು ಗೊಣಗಿದರು.

ಸರಸ್ವತಿ ಪೂಜೆಯ ದಿನ ಬಂತು. ಮನೆಯಲ್ಲಿ ವೀಣೆ, ಪುಸ್ತಕ, ಲೇಖನಿ ಎಲ್ಲವನ್ನೂ ಮಣೆಯ ಮೇಲೆ ಜೋಡಿಸಿ ಪೂಜೆ ಮಾಡಿದೆವು. ಮಧ್ಯಾಹ್ನ ನಾನು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಅನಂತಯ್ಯನವರು ಬಂದರಂತೆ. ಅತ್ತೆಯೇ ಕೂರಿಸಿ ಮಾತಾಡಿಸಿದರು. ನಾನು ಸೆರಗಿಗೆ ಕೈ ಒರೆಸಿಕೊಂಡು ಬರುವಷ್ಟರಲ್ಲಿ ಅವರು ಊರುಗೋಲು ಹಿಡಿದು ಎದ್ದಿದ್ದರು. "ನಡೆಯಿರಿ ತಾಯಿ" ಎಂದರು. ಕೈಯಲ್ಲಿ ಗಂಟಿರಲಿಲ್ಲ. ಕಾರಮಡೈಯಲ್ಲೇ ಬಿಟ್ಟು ಬಂದಿದ್ದಾರೆ, ಅವರಿಗೆ ನಂಬಿಕೆ ಇಲ್ಲ ಎಂದುಕೊಂಡೆ.

ಬೀದಿ ಬೀದಿ ನಡೆದರು. ನಾವು ಹೋಗಿ ಚುಕ್ಕಿ ಇಟ್ಟು ಬಂದಿದ್ದ ಮನೆಗಳನ್ನೆಲ್ಲ ದಾಟಿದರು. ನಾನು ಒಳಗೊಳಗೇ ಹರಿನಾಮ ಹೇಳಿಕೊಳ್ಳುತ್ತಿದ್ದೆ. ಅವರು ನಿಂತದ್ದು ಹಸಿರು ಗೇಟಿನ ಮುಂದೆ. "ಇಲ್ಲಿ ಹಾಡು ಕೇಳಿಸುತ್ತಿದೆ. ಇದೇ ಇರಲಿ."

ಈ ಮನೆ ಬೇಡ ಎನ್ನುವ ಹಾಗಿಲ್ಲ. ಚುಕ್ಕಿ ಇಡೋಣ ಎಂದರೆ ಪುಸ್ತಕ ಪೂಜೆಯಲ್ಲಿ ಕೂತಿದೆ. ಯಜಮಾನಿ ನನ್ನನ್ನು ಕಂಡು, "ಮತ್ತೆ ಬಂದ್ರಾ?" ಎಂಬ ಹಾಗೆ ನಕ್ಕರು. ಗೊಲು ಇಟ್ಟ ಕೋಣೆ ಹೆಂಗಸರದ್ದು. ಅನಂತಯ್ಯನವರಿಗೆ ತಿಣ್ಣೆಯಲ್ಲೇ ಚಾಪೆ ಹಾಕಿದರು. ನನ್ನ ಜೊತೆ ಬಂದ ಯಾರೋ ಹಿರಿಯರು ಎಂದಷ್ಟೇ ಮನೆಯವರಿಗೆ ಗೊತ್ತು. ಕಿಟಕಿಯ ಆಚೆ ಅವರ ಬಿಳಿ ತಲೆ ಕಾಣುತ್ತಿತ್ತು. ನಾನು ಒಳಗೆ ಕೂತು, "ಅನಂತಯ್ಯನವರ ಲಾಲಿ ಹಾಡಿಸ್ತೀರಾ?" ಎಂದು ಕೇಳಿದೆ.

"ವಸಂತಾ, ಅದೇ, ಜೋರಾಗಿ ಹಾಡು ನನ್ನ ಕಣ್ಣು" ಎಂದರು ತಾಯಿ.

ಹುಡುಗಿ ಶುರು ಮಾಡಿದಳು. ಒಳ್ಳೆಯ ಗಟ್ಟಿ ದನಿ. ಪಲ್ಲವಿ ಆಯಿತು. ಅನುಪಲ್ಲವಿಯ ಕೊನೆಯಲ್ಲಿ ಆ ಜಾಗ ಬಂತು. ನಾನು ಗೊಲುವಿನ ದೇವಿಯನ್ನು ನೋಡುತ್ತಾ ಕೂತೆ. ವಸಂತ ಉಸಿರು ತೆಗೆದುಕೊಂಡಳು. ದನಿ ಷಡ್ಜದಲ್ಲಿ ಒಂದು ಕ್ಷಣ ನಿಂತಿತು. ಆಮೇಲೆ ಕೆಳಗೆ ಇಳಿಯಿತು. ಮೆಟ್ಟಿಲು ಇಳಿದ ಹಾಗೆ, ಒಂದೊಂದೇ. ಕೆಳಗಿನ ಪಂಚಮ ಮುಟ್ಟುವಾಗ ದನಿಯೇ ಇಲ್ಲ, ಬರಿಯ ಉಸಿರು.

ತಾಯಿ ನಡುವೆಯೇ, "ಏನೇ ಇದು? ಪುಸ್ತಕದಲ್ಲಿ ಹಂಗಿಲ್ವಲ್ಲ!" ಎಂದರು.

"ಪೋ ಅಮ್ಮಾ. ಎಲ್ಲಾರ ಮನೇಲೂ ಹಿಂಗೇ ಹಾಡ್ತಾರೆ. ನಾನೊಬ್ಬಳೇ ಮೇಲೆ ಹೋದ್ರೆ ನಗ್ತಾರೆ."

ಆ ಪುಸ್ತಕದಲ್ಲಿ ಒಂದು ಚುಕ್ಕಿಯೂ ಇರಲಿಲ್ಲ. ಏಳೆಂಟು ದಿನ ಹುಡುಗಿ ಮನೆ ಮನೆ ಸುತ್ತಿ ಸುಂಡಲ್ ತಿನ್ನುತ್ತಾ ಕೇಳಿಕೊಂಡದ್ದು ಗಂಟಲಲ್ಲಿ ಕೂತಿತ್ತು. ತಿಣ್ಣೆಯಿಂದ ಅನಂತಯ್ಯನವರ ದನಿ ಬಂತು: "ಮಗು, ಇನ್ನೊಂದು ಸಲ ಹಾಡಮ್ಮ. ಶ್ರುತಿ ಸ್ವಲ್ಪ ಏರಿಸಿಕೋ. ಆಗ ಕೆಳಗಿನದು ನಿನಗೆ ಸಿಗುತ್ತದೆ."

ಅವಳು ಏರಿಸಿಕೊಂಡು ಮತ್ತೆ ಹಾಡಿದಳು. ಈ ಸಲ ಸಿಕ್ಕಿತು. ಯಜಮಾನಿ ಹೊರಗೆ ಬಂದು, "ನಿಮಗೆ ಸಂಗೀತ ಗೊತ್ತುಂಗಳಾ ಸಾಮಿ?" ಎಂದು ಕೇಳಿದರು. "ಸ್ವಲ್ಪ ಗೊತ್ತು ತಾಯಿ" ಎಂದು ಹೇಳಿ ಸುಂಡಲ್ ಪೊಟ್ಟಣ ಕಣ್ಣಿಗೆ ಒತ್ತಿಕೊಂಡು ಇಳಿದರು.

ಬೀದಿಗೆ ಬಂದ ಮೇಲೆ ನಾನು ತಡೆಯಲಾರದೆ, "ಗಂಟು ತರೋಕೆ ನಾಳೆ ನಾವೇ ಕಾರಮಡೈಗೆ ಬರೋಣವೇ?" ಎಂದೆ.

"ಗಂಟು ನಿಮ್ಮ ಮನೆಯಲ್ಲೇ ಇದೆ ತಾಯಿ. ಬಂದ ಕೂಡಲೇ ನಿಮ್ಮತ್ತೆಯ ಕೈಗೆ ಕೊಟ್ಟೆ."

"ಕೇಳಿ ಆದ ಮೇಲೆ ಕೊಡ್ತೀನಿ ಅಂದಿದ್ರಿ?"

"ಅಂದಿದ್ದೆ. ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬಳು ತಾಯಿ ಕೂತಿದ್ದಳು. ಯಾರೋ ಏನೋ. ಮಡಿಲ ಮಗುವಿಗೆ ಆ ಲಾಲಿಯನ್ನೇ ಗುನುಗುತ್ತಿದ್ದಳು. ಇಳಿಯುವ ಕಡೆ ಇಳಿದಳು. ನಾನು ಅಲ್ಲೇ ಸೋತುಹೋದೆ. ಆದರೂ ಒಂದು ಮನೆಯಲ್ಲಿ ಕೂತು ಕೇಳಬೇಕು ಎನಿಸಿತು. ಈ ವಯಸ್ಸಿಗೆ ಇನ್ನೇನು ಆಸೆ."

ಅವರನ್ನು ಬಸ್ಸು ಹತ್ತಿಸಿ ಓಡೋಡಿ ಮನೆಗೆ ಬಂದೆ. ದೇವರ ಮುಂದೆ ವೀಣೆಯ ಪಕ್ಕದಲ್ಲಿ ಗಂಟು ಕೂತಿತ್ತು; ಅತ್ತೆ ಅದಕ್ಕೆ ಹೂ ಮುಡಿಸಿದ್ದರು. ನಾನು ಕೈ ಚಾಚಿದೆ. "ಮುಟ್ಟಬೇಡ! ಇವತ್ತು ಬಿಚ್ಚೋ ಹಾಗಿಲ್ಲ. ನಾಳೆ ವಿಜಯದಶಮಿ, ಎದ್ದು ಸ್ನಾನ ಮಾಡಿ ಬಿಚ್ಚು" ಎಂದು ಗದರಿದರು.

ಮರುದಿನ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲು ಗಂಟು ಹಾಕಿಕೊಂಡು ಕಿಟಕಿಯ ಬಳಿ ಮಣೆ ಎಳೆದುಕೊಂಡೆ. ಅತ್ತೆ ತಾವೇ ಹೋಗಿ ಒಲೆ ಹಚ್ಚಿ, "ಅಡುಗೆ ನಾನು ನೋಡ್ಕೋತೀನಿ, ನೀನು ಬರಿ" ಎಂದರು. ಮದುವೆಯಾಗಿ ಬಂದ ಮೇಲೆ ಆ ಮಾತು ಕೇಳಿದ್ದು ಅದೇ ಮೊದಲು. ಗಂಟು ಬಿಚ್ಚಿ ಮೇಲಿನ ಹಾಳೆ ತೆಗೆದು, ಬರೆಯುವ ಮೊದಲು ಒಮ್ಮೆ ಹಾಡಿದೆ.